ಹನ್ನೆರಡು ಹಣ್ಣಿನ ಚಿಪ್ಪು

"ನಿನ್ನ ಚೀಲದಾಗ ಏನೋ ಘಮ್ ಅನ್ನಾಕತ್ತದಲ್ಲೋ ದತ್ತಪ್ಪ, ಏನದು?" ಎಂದು ಅಣವೀರಪ್ಪ ಮಾಸ್ತರರು ಮೂಗು ಮುಂದೆ ಚಾಚಿ ಕೇಳಿದಾಗ ಬಸ್ಸು ಕಮಲಾಪುರ ಬಿಟ್ಟು ಇನ್ನೂ ಎರಡು ಮೈಲಿಯೂ ಆಗಿರಲಿಲ್ಲ.

ದತ್ತಪ್ಪ ಚೀಲವನ್ನು ತೊಡೆಯ ಮೇಲೆ ಇನ್ನಷ್ಟು ಬಿಗಿಯಾಗಿ ಒತ್ತಿಕೊಂಡ. ಮೇಲೆ ಮಡಿಚಿಟ್ಟ ಟವೆಲು, ಅದರ ಕೆಳಗೆ ಒಂದು ಚಿಪ್ಪು ಕೆಂಪು ಬಾಳೆಹಣ್ಣು. ಎಣಿಸಿ ಹನ್ನೆರಡು. ಜೋಳ ತುಂಬುವ ಮಣ್ಣಿನ ವಾಡೆಯೊಳಗೆ ಒಣ ಎಲೆ ಸುತ್ತಿ ಮುಚ್ಚಿಟ್ಟು, ದಿನಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡಿ, ಸರಿಯಾಗಿ ಈ ಭಾನುವಾರಕ್ಕೇ ಹದಕ್ಕೆ ಬರುವಂತೆ ಮಾಗಿಸಿದ್ದ. "ಹಸುಗೂಸು ನೋಡ್ದಂಗ ನೋಡಾಕತ್ತೀರಲ್ಲ" ಎಂದು ಹೆಂಡತಿ ಪುತಳಾಬಾಯಿ ನಕ್ಕಿದ್ದಳು. ಆ ಹಣ್ಣು ಯಾರಿಗೆಂಬುದು ಅವಳೊಬ್ಬಳಿಗೇ ಗೊತ್ತಿತ್ತು.

ಇನಾಯತ್ ಮಾಸ್ತರಿಗೆ. ಐದು ವರ್ಷ ದತ್ತಪ್ಪನೂ ಇನಾಯತನೂ ಕಮಲಾಪುರದ ಒಂದೇ ಶಾಲೆಯಲ್ಲಿ ಪಾಠ ಹೇಳಿದವರು. ದತ್ತಪ್ಪ ಊರ ಹೊರಗಿನ ಕೇರಿಯ ಮಾಪಣ್ಣನ ಮಗ. ಆ ಕೇರಿಯಿಂದ ಮಾಸ್ತರಾದವರಲ್ಲಿ ಅವನೇ ಮೊದಲಿಗ. ಶಾಲೆಯಲ್ಲಿ ಅವನ ನೀರಿನ ಮಡಕೆ ಬೇರೆ, ಕೂರುವ ಸ್ಟೂಲು ಬೇರೆ. ಆದರೆ ಇನಾಯತನ ಹಿತ್ತಿಲಲ್ಲಿ ಒಂದು ಸಣ್ಣ ಬಾವಿಯಿತ್ತು. ಇಡೀ ಊರಿನಲ್ಲಿ ದತ್ತಪ್ಪ ತನ್ನ ಕೈಯಿಂದಲೇ ಕೊಡ ಇಳಿಸಿ ನೀರು ಸೇದಿ ಕುಡಿದದ್ದು ಆ ಬಾವಿಯೊಂದರಲ್ಲೇ. ಒಂದೇ ತಾಟಿನಲ್ಲಿ ಇಬ್ಬರೂ ಉಣ್ಣುತ್ತಿದ್ದರು. ಪರದೆಯ ಹಿಂದಿನಿಂದ ಇನಾಯತನ ಹೆಂಡತಿ ಮುನೀರಾ "ಭಾಯಿಗೆ ಇನ್ನೊಂದು ರೊಟ್ಟಿ ಹಾಕ್ರಿ" ಎನ್ನುತ್ತಿದ್ದಳು. ಅವಳ ಮುಖವನ್ನು ದತ್ತಪ್ಪ ಇವತ್ತಿಗೂ ನೋಡಿಲ್ಲ, ದನಿ ಮಾತ್ರ ಚೆನ್ನಾಗಿ ಗೊತ್ತು.

ಹೋದ ವರ್ಷ ಸೆಪ್ಟೆಂಬರಿನಲ್ಲಿ ದಿಲ್ಲಿಯ ಫೌಜು ಬಂತು, ನಿಜಾಮನ ಆಟ ಮುಗಿಯಿತು, ಅವನ ಕಡೆಯವರ ಮೇಲಿನ ಸಿಟ್ಟು ಮುಸಲ್ಮಾನರೆಲ್ಲರ ಮೇಲೆ ತಿರುಗಿತು. ಇನಾಯತ್ ಯಾರ ಗೊಡವೆಗೂ ಹೋದವನಲ್ಲ. ಆದರೆ ಆ ದಿನಗಳಲ್ಲಿ ಯಾರು ಏನು ಮಾಡಿದ್ದಾರೆಂದು ಕೇಳುವವರು ಯಾರಿದ್ದರು? ಒಣಗಿದ್ದರ ಜೊತೆಗೆ ಹಸಿಯದೂ ಸುಟ್ಟಿತು. ಒಂದು ಮುಂಜಾನೆ ಪೆಟ್ಟಿಗೆ, ಹಾಸಿಗೆ, ಹೆಂಡತಿಯನ್ನು ಗಾಡಿಗೆ ಹತ್ತಿಸಿಕೊಂಡು ಅವನು ಊರು ಬಿಟ್ಟ. ಗಾಡಿ ಕೇರಿಯ ಮುಂದೆ ನಿಂತಿತು. "ದತ್ತಪ್ಪಾ" ಎಂದು ಎರಡು ಸಲ ಕೂಗಿದ. ದತ್ತಪ್ಪ ಬಾಗಿಲ ಹಿಂದೆಯೇ ಇದ್ದ, ಅಗುಳಿ ಹಿಡಿದುಕೊಂಡು. ಹೊರಗೆ ಹೋದರೆ ನೋಡಿದವರು ಏನೆಂದಾರು, ನಾಳೆ ಕೇರಿಗೆ ಬೆಂಕಿ ಬಿದ್ದೀತೇನೋ ಎಂಬ ಹೆದರಿಕೆ. ಗಾಡಿಯ ಗಾಲಿಯ ಸದ್ದು ದೂರವಾಯಿತು. ಹದಿನೈದು ತಿಂಗಳಿನಿಂದ ಆ ಸದ್ದು ಅವನ ಕಿವಿಯಲ್ಲೇ ಕೂತಿದೆ.

ಊರು ಬಿಡುವ ತಿಂಗಳ ಮುಂಚೆ ಮುನೀರಾ ಬಚ್ಚಲ ನೀರು ಹರಿಯುವಲ್ಲಿ ಒಂದು ಕೆಂಪು ಬಾಳೆಯ ಮರಿ ನೆಟ್ಟಿದ್ದಳು. ಬೀಗ ಬಿದ್ದ ಆ ಮನೆಯ ಹಿತ್ತಿಲಿಗೆ ದತ್ತಪ್ಪ ದಿನಾ ಹೊತ್ತು ಮುಳುಗುವಾಗ ಹೋಗಿ ಅದೇ ಬಾವಿಯಿಂದ ನೀರು ಸೇದಿ ಹಾಕಿದ. ಚೊಚ್ಚಲು ಗೊನೆ ಬಡವಾಗಿ ಬಂತು. ಮೇಲಿನ ಚಿಪ್ಪನ್ನು ಬಾವಲಿ ತಿಂದವು, ಕೆಳಗಿನದು ಉಳಿಯಿತು. ಅಷ್ಟರಲ್ಲಿ ಕಲಬುರ್ಗಿಯಿಂದ ಒಂದು ಕಾರ್ಡು ಬಂತು: ಕೋಟೆಯೊಳಗೆ, ದೊಡ್ಡ ಮಸೀದಿಯ ಹಿಂದಿನ ಓಣಿಯಲ್ಲಿದ್ದೇವೆ, ಬಾಳೆ ಗಿಡ ಹೇಗಿದೆಯೆಂದು ಮುನೀರಾ ಕೇಳುತ್ತಿದ್ದಾಳೆ. ಬೇರೆ ಒಂದಕ್ಷರ ಇರಲಿಲ್ಲ. ಈ ಚಿಪ್ಪನ್ನು ಇನಾಯತನ ಕೈಗಿಟ್ಟು, "ಆವತ್ತು ನಾ ಬಾಗಲ ಹಿಂದೇ ಇದ್ದೆ" ಎಂದು ಹೇಳಿಬಿಡಬೇಕು. ಬರಿಗೈಯಲ್ಲಿ ಆ ಮಾತು ಬಾಯಿಂದ ಹೊರಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

ಅದೇ ಹೊತ್ತಿಗೆ ಚಳಿಗಾಲದ ರಜೆಯಲ್ಲಿ ಕಲಬುರ್ಗಿ ನೋಡಲು ಹೊರಟ ಅದೇ ಶಾಲೆಯ ಅಣವೀರಪ್ಪ, ಸಾಯಬಣ್ಣ ಮಾಸ್ತರರು "ನೀನೂ ನಡಿಯೋ" ಎಂದರು. ಅವರು ಹಾಗೆ ಕರೆದದ್ದು ಅದೇ ಮೊದಲು. ಕರೆದದ್ದಕ್ಕೆ ಅವನಿಗೆ ಆದ ಸಂತೋಷವನ್ನು ಏನು ಹೇಳುವುದು, ರಾತ್ರಿಯೇ ಅಂಗಿ ಒಗೆದು ದಿಂಬಿನ ಕೆಳಗಿಟ್ಟು ಮಲಗಿದ್ದ.

"ಬಾಳಿಹಣ್ಣುರಿ" ಎಂದ ದತ್ತಪ್ಪ ಈಗ.

"ಕೆಂಪವು? ತಗಿ ತಗಿ, ಮುಚ್ಚಿಟ್ಟು ಏನ್ ಪೂಜಾ ಮಾಡ್ತೀ?"

ಸಾಯಬಣ್ಣ ನಡುವೆ ಕೇಳಿದ, "ಅಲ್ರಿ, ಇವನ ಚೀಲದಾಗಿಂದು..." ಮಾತು ಅಲ್ಲಿಗೇ ನಿಂತಿತು.

"ಏ ಹುಚ್ಚಾ, ಸಿಪ್ಪಿ ಇದ್ದ ಹಣ್ಣಿಗಿ ಮೈಲಿಗಿ ಎಲ್ಲಿಂದ ಬಂತೋ? ದೇವರೇ ಪ್ಯಾಕ್ ಮಾಡಿ ಕಳಿಸ್ಯಾನ" ಎಂದು ಅಣವೀರಪ್ಪ ನಕ್ಕು ಕೈ ಚಾಚಿದರು.

'ಇವು ಒಬ್ಬರಿಗೆ ಒಯ್ಯೋವು' ಎಂದರೆ ಮುಗಿಯುತ್ತಿತ್ತು. ಆಮೇಲೆ 'ಯಾರಿಗೋ?' ಎನ್ನುತ್ತಿದ್ದರು. ಆ ಹೆಸರು ಹೇಳಬೇಕಾಗುತ್ತಿತ್ತು. ಆದರೆ ದತ್ತಪ್ಪನ ಬಾಯಿ ಕಟ್ಟಿದ್ದು ಬರೀ ಹೆದರಿಕೆಯಲ್ಲ. ಮೂರು ವರ್ಷದಿಂದ ಎದುರಿಗೆ ಕೂತ ಈ ಮನುಷ್ಯ ಅವನ ಕೈಯಿಂದ ತಿನ್ನಲು ಮೊದಲ ಸಲ ಕೈ ಚಾಚಿದ್ದ. ಆ ಚಾಚಿದ ಕೈಯನ್ನು ಹಾಗೇ ಹಿಂದಕ್ಕೆ ಕಳಿಸುವುದು ಹೇಗೆ? ಟವೆಲು ಸರಿಸಿದ. ಅಣವೀರಪ್ಪ ಎರಡು ತಿಂದರು, ಸಾಯಬಣ್ಣನೂ ಎರಡು. "ಬೆಣ್ಣಿ, ಬರೇ ಬೆಣ್ಣಿ" ಎಂದರು. ಎಂಟು ಉಳಿದರೂ ಸಾಕು, ಎಂಟು ಕಡಿಮೆಯೇನಲ್ಲ ಎಂದು ದತ್ತಪ್ಪ ಲೆಕ್ಕ ಹಾಕಿದ. ಅವನ ಮುಖದಲ್ಲಿ ನಗುವಿತ್ತು, ಅದು ಸುಳ್ಳು ನಗುವೂ ಅಲ್ಲ.

ಕಲಬುರ್ಗಿಯಲ್ಲಿ ಮೊದಲು ಸ್ಟೇಷನ್ನಿಗೆ ಹೋಗಿ ಮದ್ರಾಸ್ ಕಡೆಯ ರೈಲು ಹೊಗೆ ಉಗುಳುತ್ತ ಬರುವುದನ್ನು ನೋಡಿದರು. ಬಜಾರಿನಲ್ಲಿ ಸಾಯಬಣ್ಣ ಮಫ್ಲರು ಚೌಕಾಶಿ ಮಾಡಿ ಮಾಡಿ ಕೊನೆಗೆ ತೆಗೆದುಕೊಳ್ಳದೆ ಬಂದ. ಗುಡಿಯ ಮುಂದೆ ಯಾರೂ ಏನೂ ಹೇಳುವ ಮೊದಲೇ ದತ್ತಪ್ಪ, "ಚಪ್ಲಿ ನಾ ಕಾಯ್ತೀನ್ರಿ" ಎಂದ. ಅವರಿಬ್ಬರೂ ಒಳಗೆ ಹೋದರು. ಅರ್ಧ ತಾಸು ಎರಡು ಜೊತೆ ಚಪ್ಪಲಿಯ ಎದುರು ನಿಂತು ಬೀದಿಯಲ್ಲಿ ಹೋಗುವ ಜಟಕಾಗಳನ್ನು ನೋಡಿದ. ಸಾವಿರ ಜನರ ನಡುವೆ ಅವನ ಗುರುತಿನವು ಅಂದರೆ ಆ ಚಪ್ಪಲಿಗಳೇ.

ಹೋಟೆಲಿನಲ್ಲಿ ಅವರು ಒಳಗಿನ ಬೆಂಚಿನ ಮೇಲೆ, ಅವನು ಹೊರಗಿನ ಕಟ್ಟೆಯ ಮೇಲೆ. ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ತಗಡಿನ ಲೋಟವನ್ನು ತಾನೇ ತೊಳೆದು ಹಿಡಿದ, ಹೋಟೆಲಿನವನು ಒಂದು ಗೇಣು ಮೇಲಿನಿಂದ ಚಹಾ ಸುರಿದ. ಅಸ್ಪೃಶ್ಯತೆಯೆಂಬುದೇ ಇನ್ನು ಮುಂದೆ ಇಲ್ಲವೆಂದು ದಿಲ್ಲಿಯಲ್ಲಿ ಸಂವಿಧಾನ ಬರೆದದ್ದು ಹೋದ ತಿಂಗಳ ಪೇಪರಿನಲ್ಲಿ ಬಂದಿತ್ತು. ಶಾಲೆಯಲ್ಲಿ ಅದನ್ನು ಗಟ್ಟಿಯಾಗಿ ಓದಿ ಹೇಳಿದವನು ದತ್ತಪ್ಪನೇ. ಆ ಪೇಪರು ಈ ಹೋಟೆಲಿಗೆ ಇನ್ನೂ ತಲುಪಿರಲಿಲ್ಲ. ಹೊರಗೆ ಬಂದ ಅಣವೀರಪ್ಪ ತೇಗಿ, "ಊಟದ ಮ್ಯಾಲ ಹಣ್ಣು ಬೇಕಪ್ಪ" ಎಂದರು. ಇಬ್ಬರೂ ಎರಡೆರಡು ತಿಂದರು. ನಾಲ್ಕು ಉಳಿದವು.

ಕೋಟೆಗೆ ಬರುವಾಗ ಬಿಸಿಲು ಇಳಿಯುತ್ತಿತ್ತು. ಕಂದಕದಲ್ಲಿ ಜೊಂಡು ಬೆಳೆದಿತ್ತು. ಬುರುಜಿನ ಮೇಲಿನ ದೊಡ್ಡ ತೋಪನ್ನು ಸಾಯಬಣ್ಣ ಹೆಜ್ಜೆ ಹಾಕಿ ಅಳೆದ, ಅದರ ಬಾಯಿಯೊಳಗೆ ತಲೆ ಹಾಕಿ "ಓ" ಎಂದು ಕೂಗಿದ. ಮೇಲಿನಿಂದ ದೊಡ್ಡ ಮಸೀದಿಯ ಗುಮ್ಮಟಗಳು ಸಾಲಾಗಿ ಕಾಣುತ್ತಿದ್ದವು, ಅದರ ಹಿಂದೆ ಒಂದು ಓಣಿ. ಓಣಿಯ ಮೇಲೆ ಅಡುಗೆಯ ಹೊಗೆ. ದತ್ತಪ್ಪ ಅದನ್ನೇ ನೋಡಿದ. ಇನ್ನು ಐದು ನಿಮಿಷ, ಆಮೇಲೆ ಏನಾದರೂ ಹೇಳಿ ಕೆಳಗಿಳಿಯಬೇಕು.

"ಉಳಿದಾವೇನೋ?" ಎಂದರು ಅಣವೀರಪ್ಪ, ತೋಪಿಗೆ ಒರಗಿ ಕೂತು.

ಕೊಟ್ಟ. ಒಬ್ಬರಿಗೊಂದು. ಎರಡಾದರೂ ಉಳಿದವಲ್ಲ, ಜೋಡಿ. ಜೋಡಿ ಹಣ್ಣು ಕೊಟ್ಟರೆ ಮರ್ಯಾದೆಯೇ, ಎಲೆ ಅಡಿಕೆ ಜೊತೆ ಕೊಡುವುದೂ ಎರಡೇ ತಾನೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಆಗ ಅಣವೀರಪ್ಪ ತಮ್ಮ ಹಣ್ಣಿನ ಸಿಪ್ಪೆ ಅರ್ಧ ಸುಲಿದವರು ಹಾಗೇ ಕೈ ತಡೆದರು. "ಅಲ್ಲೋ, ಮುಂಜಾನಿಂದ ನೀ ಒಂದರೆ ತಿಂದೀಯೇನು? ಬಾ, ಇಲ್ಲಿ ಕೂಡು. ನಮ್ಮ ಜೋಡಿ ತಿನ್ನು."

ತಾವು ಕೂತ ಕಲ್ಲಿನ ಮೇಲೆ ಅಂಗೈಯಿಂದ ಧೂಳು ಒರೆಸಿ ಜಾಗ ತೋರಿಸಿದರು. ಸಾಯಬಣ್ಣ ಒಂದು ಕ್ಷಣ ನೋಡಿ, ಆಮೇಲೆ ತಾನೇ ಸ್ವಲ್ಪ ಸರಿದ. ದತ್ತಪ್ಪ ಕೂತ. ಅವರ ಕೂಡ, ಒಂದೇ ಕಲ್ಲಿನ ಮೇಲೆ. ಮೂವರೂ ತಿಂದರು. ಕೆಳಗೆ ಊರು, ಮೇಲೆ ಆಕಾಶ, ಬಾಯಲ್ಲಿ ಮುನೀರಾ ನೆಟ್ಟ ಗಿಡದ ಹಣ್ಣು. ಅಷ್ಟು ಸಿಹಿಯಾದದ್ದನ್ನು ಅಷ್ಟು ಕಷ್ಟಪಟ್ಟು ಅವನು ಎಂದೂ ನುಂಗಿರಲಿಲ್ಲ.

ಚೀಲದಲ್ಲಿ ಒಂದು ಉಳಿಯಿತು. ಒಂಟಿ ಹಣ್ಣನ್ನು ಸಾವಿನ ಮನೆಯಲ್ಲಿ ಕೊಡುತ್ತಾರೆಯೇ ಹೊರತು ಬದುಕಿರುವ ಗೆಳೆಯನ ಕೈಗೆ ಯಾರೂ ಕೊಡುವುದಿಲ್ಲ.

"ಗುರ್ತಿನವರೊಬ್ರು ಅದಾರ್ರಿ, ಕಂಡು ಬರ್ತೀನಿ" ಎಂದು ಎದ್ದ.

"ನಾಕೂವರಿಗಿ ಬಸ್ಸು. ನಾವು ಕೋಟಿ ಅಗಸಿ ಬಾಗಲಾಗ ನಿಂತಿರ್ತೀವಿ" ಎಂದರು.

ಇನಾಯತ್ ಹೊಸ್ತಿಲಲ್ಲೇ ಕೂತು ಯಾರದೋ ಅರ್ಜಿ ಬರೆಯುತ್ತಿದ್ದ. ತಲೆಯೆತ್ತಿದ, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. "ದತ್ತಪ್ಪಾ!" ಎಂದು ಎದ್ದು ತಬ್ಬಿದ. ಬಡವಾಗಿದ್ದ, ಅಂಗಿಯೊಳಗೆ ಬರೀ ಎಲುಬು. "ಕೇಳ್ದೇನು, ದತ್ತಪ್ಪ ಬಂದಾನ!" ಎಂದು ಒಳಗೆ ಕೂಗಿದ. ಪರದೆಯ ಹಿಂದೆ ಬಳೆಯ ಸದ್ದಾಯಿತು.

"ಕೂಡ್ರಿ ಭಾಯಿ, ಚಹಾ ಇಡ್ತೀನಿ. ಪುತಳಾಬಾಯಿ ಆರಾಮ ಅದಾರೇನ್ರಿ? ನಮ್ಮ ಗಿಡ ಹ್ಯಾಂಗದ? ಗೊನಿ ಹಾಕ್ಯದೇನು?"

ದತ್ತಪ್ಪ ಒಳಗೆ ಬಂದು ಕೂತು ಚೀಲವನ್ನು ಕಾಲ ಬಳಿ ಇಟ್ಟ. ಹಾಕಿತ್ತು, ತಂದಿದ್ದೆ, ಬೇರೆಯವರಿಗೆ ತಿನ್ನಿಸಿದೆ, ನಾನೂ ತಿಂದೆ. ಯಾವ ಬಾಯಿಂದ ಹೇಳುವುದು?

"ಇಲ್ರಿ ಭಾಬಿ, ಇನ್ನಾ ಹಾಕಿಲ್ಲ" ಎಂದ.

ಆ ಕೋಣೆ ನಾಲ್ಕು ಹೆಜ್ಜೆ ಅಗಲವಿತ್ತು, ಹಣ್ಣು ಪೂರಾ ಮಾಗಿತ್ತು.

"ಎಲ್ಲಿಂದೋ ವಾಸನಿ ಬರಾಕತ್ತದ ನೋಡ್ರಿ" ಎಂದಳು ಮುನೀರಾ, ಆಸೆಯಿಂದ. "ಕೆಂಪು ಬಾಳಿದೇ."

ಇನಾಯತ್ ಚೀಲದ ಕಡೆ ನೋಡಿದ. ದತ್ತಪ್ಪನ ಮುಖ ನೋಡಿದ. ಆಮೇಲೆ ಬಾಗಿಲ ಹೊರಗೆ ನೋಡುತ್ತ, "ಓಣ್ಯಾಗ ಯಾರೋ ಮಾರಾಕ ಬಂದಿರಬೇಕು ಬಿಡು" ಎಂದ.

"ಹೌದೇನೋ. ಹೋಗ್ಲಿ ಭಾಯಿ, ಕೆಂಪು ಬಾಳಿ ತಡಾನೇ ಮಾಡ್ತದ. ಮುಂದಿನ ವರ್ಷ ಹಾಕ್ತದ" ಎಂದು ಅವಳೇ ಸಮಾಧಾನ ಹೇಳಿದಳು.

ಪರದೆಯ ಕೆಳಗಿನಿಂದ ಒಂದು ಕಪ್ಪು, ಒಂದು ಬಸಿ ಹೊರಗೆ ಬಂದವು. ಇನಾಯತ್ ಅರ್ಧ ಚಹಾ ಬಸಿಗೆ ಸುರಿದುಕೊಂಡು, ಕಪ್ಪನ್ನು ದತ್ತಪ್ಪನ ಕೈಗೆ ಕೊಟ್ಟ. ಮೊದಲಿನ ಹಾಗೆಯೇ. ಇಬ್ಬರೂ ಶಾಲೆಯ ಮಾತಾಡಿದರು, ಉರ್ದು ಹೋಗಿ ಕನ್ನಡ ಬಂದದ್ದು, ಹೊಸ ಪುಸ್ತಕ ಬಾರದೆ ಇದ್ದದ್ದು. ಆ ಮುಂಜಾನೆಯ ಮಾತನ್ನು ಇನಾಯತ್ ಎತ್ತಲಿಲ್ಲ. ದತ್ತಪ್ಪ ಎರಡು ಸಲ ಬಾಯಿ ತೆರೆದು ಎರಡು ಸಲವೂ ಚಹಾ ಕುಡಿದ.

ಹೊರಟಾಗ ಇನಾಯತ್ ಚಪ್ಪಲಿ ಮೆಟ್ಟಿ ಜೊತೆಗೇ ಬಂದ. ಮಸೀದಿ ದಾಟಿದ ಮೇಲೆ ದೂರದ ಅಗಸೆಯಲ್ಲಿ ಅಣವೀರಪ್ಪ, ಸಾಯಬಣ್ಣ ನಿಂತದ್ದು ಕಂಡಿತು. ಇನಾಯತ್ ಗಕ್ಕನೆ ನಿಂತ.

"ನಾ ಇಲ್ಲಿಂದೇ ಹೋಗ್ತೀನಿ. ನಿನ್ನ ಜೋಡಿಯವರು ನಿಂತಾರ. ಸುಮ್ನ ನಿನಗ್ಯಾಕ ತ್ರಾಸು."

"ಹಂಗಲ್ಲ ಇನಾಯತ್..."

"ನೀ ಬಂದಿ, ಸಾಕು. ಹೋಗು, ಬಸ್ಸು ತಪ್ತದ."

ದತ್ತಪ್ಪ ನಡೆದ. ಅಗಸೆ ಮುಟ್ಟಿ ತಿರುಗಿ ನೋಡಿದಾಗಲೂ ಅವನು ಅಲ್ಲೇ ನಿಂತಿದ್ದ, ಕೈಯೆತ್ತದೆ.

ಬಸ್ಸಿನಲ್ಲಿ ಚಳಿ ಶುರುವಾಗಿತ್ತು. ಇವತ್ತು ಒಂದೇ ಕಲ್ಲಿನ ಮೇಲೆ ಕೂತಿದ್ದಕ್ಕೋ ಏನೋ, ಸಾಯಬಣ್ಣ ಬಂದು ದತ್ತಪ್ಪನ ಪಕ್ಕದಲ್ಲೇ ಕೂತ. ಬೆಳಿಗ್ಗೆಯ ಹುಡುಗಾಟ ಇನ್ನೂ ಇಳಿದಿರಲಿಲ್ಲ. ಊರು ದಾಟಿ ಹೊಲಗಳು ಬಂದಾಗ ಅವನು ಮೂಗೆಳೆದ. "ಏ ಮಾಸ್ತರ, ಇನ್ನಾ ಒಂದು ಅದ ನಿನ್ನ ಹಂತ್ಯಾಕ. ಮುಚ್ಚಿಟ್ರ ವಾಸನಿ ಮುಚ್ಚತದೇನು? ತಗಿ, ಮೂರು ಪಾಲು ಮಾಡೂಣು." ನಗುತ್ತ ತಾನೇ ಚೀಲಕ್ಕೆ ಕೈ ಹಾಕಿದ.

ದತ್ತಪ್ಪ ಆ ಕೈ ಹಿಡಿದ. ಜೀವಮಾನದಲ್ಲಿ ಅವರಲ್ಲಿ ಯಾರ ಕೈಯನ್ನೂ ಅವನು ಹಿಡಿದಿರಲಿಲ್ಲ.

"ಅದು ಬ್ಯಾರೆಯವರದು."

"ಯಾರದೋ?"

"ಇನಾಯತ್ ಮಾಸ್ತರದು. ಎಲ್ಲಾನೂ ಅವರವೇ ಇದ್ವು. ಹನ್ನೆರಡೂ."

ಸಾಯಬಣ್ಣ ಕೈ ಬಿಡಿಸಿಕೊಂಡ. ಹಿಡಿಸಿಕೊಂಡ ಜಾಗವನ್ನು ಧೋತರಕ್ಕೆ ಒರೆಸಿ, ಎದ್ದು ಮುಂದಿನ ಸೀಟಿಗೆ ಹೋದ. ಅಣವೀರಪ್ಪ ಒಮ್ಮೆ ತಿರುಗಿ ನೋಡಿದರು, ಮಫ್ಲರನ್ನು ಕಿವಿಗೆ ಎಳೆದುಕೊಂಡು ಕಿಟಕಿಯ ಕಡೆ ಹೊರಳಿದರು.

ದತ್ತಪ್ಪ ಹಣ್ಣನ್ನು ಹೊರಗೆ ತೆಗೆದು ಎರಡೂ ಅಂಗೈಯ ನಡುವೆ ಇಟ್ಟುಕೊಂಡು ಕೂತ. ಪಕ್ಕದ ಸೀಟು ಖಾಲಿಯಿತ್ತು. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹಣ್ಣು ಜಜ್ಜದ ಹಾಗೆ ಕೈ ಸ್ವಲ್ಪ ಎತ್ತಿ ಹಿಡಿಯುತ್ತಿದ್ದ.