ಕಟ್ಟೆಯೊಳಗಿನ ಬೇವು

ನಾನೊಂದು ಬೇವಿನ ಮರ. ನನ್ನನ್ನು ಯಾರೂ ನೆಟ್ಟಿಲ್ಲ. ಕಾಗೆ ತಿಂದು ಉಗುಳಿದ ಬೀಜ ನಾನು. ಹಳೇ ಬಸ್ ಸ್ಟ್ಯಾಂಡಿನ ಚರಂಡಿ ಪಕ್ಕ ಬಿದ್ದು, ಅಲ್ಲೇ ಎದ್ದೆ. ಆಡುಗಳು ಬಾಯಿ ಹಾಕಿದವು, ಹಲ್ಲುಜ್ಜುವವರು ಕಡ್ಡಿ ಮುರಿದರು. ಆದರೂ ಬೆಳೆದೆ, ನನ್ನ ಹಟವೇ ಅಂಥದ್ದು. ನೆರಳು ಬಿದ್ದಮೇಲೆ ಫಕೀರವ್ವ ಎಂಬಾಕೆ ಬಂದು ಮಿರ್ಚಿ ಭಜಿ ಕರಿಯುವ ಬಾಣಲೆ ಇಟ್ಟಳು.

ಆಗೆಲ್ಲ ಸಾಹೇಬರೊಬ್ಬರು ಸಹಿ ಹಾಕಿದರೆ ಮುಗಿಯಿತು, ಗರಗಸ ಬರುತ್ತಿತ್ತು. ರಸ್ತೆ ಅಗಲ ಮಾಡುವಾಗ ಎದುರಿನ ಹುಣಸೆ ಹಾಗೆಯೇ ಹೋಯಿತು. ಮರುದಿನ ನನ್ನ ಪಾಳಿ. ಫಕೀರವ್ವ ನನ್ನ ಬುಡದಲ್ಲಿ ಕಲ್ಲೊಂದನ್ನು ನಿಲ್ಲಿಸಿ, ಅರಿಸಿನ ಕುಂಕುಮ ಬಳಿದು ಕೂತುಬಿಟ್ಟಳು.

"ಇಲ್ಲಿ ಅವ್ವ ಕುಂತಾಳ. ಹಚ್ರಿ ಗರಗಸ, ನೋಡೂಣು!"

ಬಂದವರು ಕೈಮುಗಿದು ಜಾಗ ಖಾಲಿ ಮಾಡಿದರು. ಬದುಕಿದೆಯಾ ಬಡಜೀವವೇ ಎಂದುಕೊಂಡೆ.

ಆಮೇಲೆ ಭಕ್ತರು ಹೆಚ್ಚಿದರು. ಸುತ್ತ ಸಿಮೆಂಟಿನ ಕಟ್ಟೆ, ಮೇಲೆ ಗ್ರಾನೈಟು, ಕಾಂಡಕ್ಕೆ ತಾಗುವಂತೆ ಬಿಗಿದರು. ಫಕೀರವ್ವ ದಿನಾ ಕೊಡ ನೀರು ಸುರಿಯುತ್ತಿದ್ದಳು. ಅದು ಕಲ್ಲಿನ ಮೇಲೆ ಹರಿದು ಚರಂಡಿ ಸೇರುತ್ತಿತ್ತು. ಅಯ್ಯೋ, ಹೇಳಲು ನನಗೆ ಬಾಯೆಲ್ಲಿದೆ! ಒಂದು ಮಗ್ಗುಲು ಒಣಗಿತು. ಗಾಳಿಗೆ ಟೊಂಗೆ ಮುರಿದು ರಿಕ್ಷಾದ ಮೇಲೆ ಬಿತ್ತು. ಕಡಿಯಿರಿ ಎಂದು ಅಂಗಡಿಯವರೆಲ್ಲ ಅರ್ಜಿ ಕೊಟ್ಟರು.

ಅಷ್ಟರಲ್ಲಿ ಕಾನೂನು ಬದಲಾಗಿತ್ತು. ಕಡಿಯುವ ಮೊದಲು ಮರಕ್ಕೇ ನೋಟಿಸು ಅಂಟಿಸಬೇಕು, ಜನರ ಮಾತು ಕೇಳಬೇಕು, ಮರವನ್ನು ಪರೀಕ್ಷಿಸಬೇಕು. ಅದಕ್ಕೆಂದು ವೃಕ್ಷಾಧಿಕಾರಿ ಶಕುಂತಲಾ ಮೇಡಂ ಬಂದರು. ಕಾಂಡ ತಟ್ಟಿದರು, ಕಿವಿಯಿಟ್ಟರು.

"ಕಾಂಡ ಗಟ್ಟಿ ಐತ್ರಿ. ಬೇರಿಗೆ ಉಸಿರಿಲ್ಲ. ಬುಡಕ್ಕ ಸಿಮೆಂಟ್ ಹಾಕಂಗಿಲ್ಲ ಅಂತ ಹೊಸ ಕಾನೂನೈತಿ. ಕಟ್ಟಿ ಒಡದ್ರ ಬದುಕತೈತಿ, ಇಲ್ಲಾಂದ್ರ ಕಡಿಯೂದ."

"ಅವ್ವನ ಕಟ್ಟಿಗೆ ಕೈ ಹಚ್ಚತೀರೇನು?" ಭಕ್ತರು ಏರಿ ಬಂದರು. ಮೇಡಂ ಜೊತೆ ಹಾರೆ ಹಿಡಿದು ಬಂದಿದ್ದ ಆಳು ಹಿಂದೆ ಸರಿದ.

ಫಕೀರವ್ವನ ಮುಖ ಕಪ್ಪಿಟ್ಟಿತ್ತು. "ನಾ ಸುರುವಿದ ನೀರು ಬೇರಿಗೆ ಮುಟ್ಟೇ ಇಲ್ಲೇನ್ರಿ?"

ಮೇಡಂ ಇಲ್ಲವೆಂದು ತಲೆಯಾಡಿಸಿದರು.

ಅವಳು ಕಲ್ಲಿಗೆ ಹಣೆ ಹಚ್ಚಿದಳು. ಅದನ್ನು ಎತ್ತಿ ಪಕ್ಕಕ್ಕಿಟ್ಟು, ಆಳಿನ ಕೈಯಿಂದ ಹಾರೆ ಕಿತ್ತುಕೊಂಡಳು. "ಅವ್ವ ಸಿಟ್ಟಾದ್ರ ನನ್ನ ಮ್ಯಾಲ ಆಗ್ಲಿ!" ಎಂದು ಮೊದಲ ಏಟು ಹಾಕಿದಳು. ಯಾರೂ ಅಡ್ಡ ಬರಲಿಲ್ಲ.

ಈಗ ನಾನು ಮುದಿಮರ. ಒಣಗಿದ ಮಗ್ಗುಲು ಹೋಯಿತು, ಉಳಿದದ್ದು ಚಿಗುರಿದೆ. ಕಾನೂನು ನನ್ನನ್ನು ಕಾಯುತ್ತದೆ. ಆದರೆ ದೇವರ ಕಟ್ಟೆ ಒಡೆದವಳ ಕೈಯ ಮಿರ್ಚಿ ಬೇಡವೆಂದು ಜನ ಎದುರಂಗಡಿಗೆ ಹೋಗುತ್ತಾರೆ. ಅವಳು ತಣ್ಣಗಾದ ಎಣ್ಣೆಯ ಮುಂದೆ ನನಗೊರಗಿ ಕೂರುತ್ತಾಳೆ. ನನ್ನ ಬಳಿ ಇರುವುದು ಅರ್ಧ ಮರದ ನೆರಳು; ಅಷ್ಟನ್ನೂ ಅವಳ ಮೇಲೆಯೇ ಹಾಕುತ್ತೇನೆ.