ಹೋಂವರ್ಕ್ ಬರೆಯುವ ಕೈ

ನಾನೊಂದು ಮೇಜು. ಹಾಗೆಂದ ಕೂಡಲೇ ನಾಲ್ಕಾಳು ಎತ್ತುವ ತೇಗದ ಮೇಜನ್ನು ನೆನೆಸಿಕೊಳ್ಳಬೇಡಿ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಎದೆಮಟ್ಟಕ್ಕೆ ಬರುವ, ಕೆಲಸ ಮುಗಿದ ಮೇಲೆ ಕಾಲು ಮಡಚಿ ಬಾಗಿಲ ಹಿಂದೆ ನಿಲ್ಲಿಸುವ ಸಣ್ಣ ಜಾತಿ ನನ್ನದು. ಹುಬ್ಬಳ್ಳಿಯ ಹೊರವಲಯದ ಒಂದು ತಗಡಿನ ಶೆಡ್ಡಿನಲ್ಲಿ ಹುಟ್ಟಿದೆ. ಪ್ಲೈವುಡ್ ಕೊಯ್ದು, ಮೇಲೆ ತಿಳಿಹಸಿರು ಸನ್‌ಮೈಕಾ ಅಂಟಿಸಿ, ಬಗ್ಗಿಸಿದ ಕಬ್ಬಿಣದ ಕೊಳವೆಗಳನ್ನು ಕಾಲು ಮಾಡಿದರು. ಕೊನೆಯ ಸ್ಕ್ರೂ ಬಿಗಿದ ಮೆಹಬೂಬಸಾಬ್ ನನ್ನ ಬೆನ್ನು ತಟ್ಟಿ, "ಹುಡುಗರು ಓದೂ ಮನೀಗೆ ಹೋಗಪಾ" ಎಂದ. ಆ ಮಾತನ್ನು ನಾನು ನಿಜವೆಂದು ನಂಬಿಬಿಟ್ಟೆ. ಅದೇ ನಾನು ಮಾಡಿದ ತಪ್ಪು.

ಶೈಲಜಾ ನನ್ನನ್ನು ಕೊಂಡದ್ದು ಶಾಲೆಗಳೆಲ್ಲ ಮುಚ್ಚಿದ್ದ ಆ ವರ್ಷ, ಜೂನ್ ತಿಂಗಳಲ್ಲಿ. ಮಾಸ್ಕಿನೊಳಗಿಂದಲೇ ಅಂಗಡಿಯವನಿಗೆ, "ನಮ್ಮ ಮಗಳು ಈ ವರ್ಷ ಒಂದನೇತ್ತಾ ರೀ. ಸಾಲಿ ಮನ್ಯಾಗ ಅಂತ. ಆಕೀಗೆ ಬರಿಯಾಕ ಬೇಕು" ಎಂದಳು. ನನಗಾದ ಸಂತೋಷ ಅಷ್ಟಿಷ್ಟಲ್ಲ. ಅವಳ ಗಂಡ ಮಹಾಂತೇಶ ನನ್ನನ್ನು ಸ್ಕೂಟರಿನಲ್ಲಿ ಕಾಲ ಬಳಿ ನಿಲ್ಲಿಸಿಕೊಂಡು ಹಳೇಹುಬ್ಬಳ್ಳಿಗೆ ತಂದ. ಗಂಗವ್ವ ಎಂಬ ಹಿರಿಯರ ಮನೆಯ ಕೆಳಗಿನ ಎರಡು ಖೋಲಿಗಳಲ್ಲಿ ಅವರ ಬಾಡಿಗೆ ಸಂಸಾರ. ಐದೂವರೆ ವರ್ಷದ ಸಿಂಚನಾ ನನ್ನ ಸುತ್ತ ಕುಣಿದಳು. ಅಲ್ಲಿಯವರೆಗೆ ಅವಳು ಹೋಗಿದ್ದು ಬಾಲವಾಡಿಗೆ. ಅಲ್ಲಿ ಹಾಡು, ಕುಣಿತ, ಉಪ್ಪಿಟ್ಟು ಬಿಟ್ಟರೆ ಬೇರೇನೂ ಇರಲಿಲ್ಲ. ಪೆನ್ಸಿಲ್ ಹಿಡಿಯುವುದನ್ನು ಅವಳು ನನ್ನ ಮೇಲೆಯೇ ಕಲಿಯಬೇಕಿತ್ತು.

ಜಾಗ ಸಿಕ್ಕರೆ ತಾನೆ ಕಲಿಯುವುದು! ಮಾರನೆಯ ದಿನ ಬೆಳಿಗ್ಗೆ ಎಂಟಕ್ಕೆ ಮಹಾಂತೇಶ ನನ್ನ ಮೇಲೆ ಲ್ಯಾಪ್‌ಟಾಪ್ ತಂದಿಟ್ಟ. ಅವನದು ವಿಮಾ ಕಚೇರಿಯ ನೌಕರಿ, ಯಾರ ಗಾಡಿ ಎಲ್ಲಿ ಗುದ್ದಿತು ಎಂಬ ಫೈಲುಗಳನ್ನು ನೋಡುವುದು. ಹಾಸಿಗೆಯ ಮೇಲೆ ಕೂತರೆ ಬೆನ್ನು ನೋವಂತೆ. ಮಧ್ಯಾಹ್ನ ಎರಡಕ್ಕೆ ಅವನನ್ನು ಎಬ್ಬಿಸಿ ಶೈಲಜಾ ಕೂರುತ್ತಿದ್ದಳು. ಕುಡಿಯುವ ನೀರಿನ ಯಂತ್ರ ಮಾರುವ ಕಂಪನಿಗೆ ಬರುವ ದೂರಿನ ಫೋನುಗಳನ್ನು ತೆಗೆಯುವ ಕೆಲಸ ಅವಳದು. ರಾತ್ರಿ ಎಂಟರವರೆಗೆ ಯಾರ್ಯಾರದೋ ಬೈಗುಳ ಕೇಳಿ, "ಕ್ಷಮಿಸಿ ಸರ್" ಎನ್ನಬೇಕು. ಬೆಳಗಿನ ಹೊತ್ತು ಅಡುಗೆ, ಬಟ್ಟೆ, ಪಾತ್ರೆ. ಶಾಲೆಯೆಂದರೆ ಹತ್ತು ಗಂಟೆಗೆ ಅವಳ ಮೊಬೈಲಿನಲ್ಲಿ ಅರ್ಧ ಗಂಟೆ ಪಾಠ. ಅದನ್ನು ಸಿಂಚನಾ ಅಡುಗೆಮನೆಯ ಗೋಡೆಗೊರಗಿ ತೊಡೆಯ ಮೇಲಿಟ್ಟುಕೊಂಡು ನೋಡುತ್ತಿದ್ದಳು.

"ಮಮ್ಮಿ, ನನ್ನ ಮೇಜು?"

"ಪಪ್ಪಾ ಏಳಲಿ ಪುಟ್ಟಿ."

ಪಪ್ಪಾ ಎದ್ದರೆ ಮಮ್ಮಿ. ಮಮ್ಮಿ ಎದ್ದರೆ ಊಟದ ತಟ್ಟೆಗಳು. ನನ್ನ ಮೇಲೆ ಬಿಸಿ ಕುಕ್ಕರ್ ಇಟ್ಟರು, ಉಳ್ಳಾಗಡ್ಡಿ ಹೆಚ್ಚಿದರು, ಚಹಾ ಚೆಲ್ಲಿದರು. ಯಾರ ಹೆಸರಿನಲ್ಲಿ ನನ್ನನ್ನು ತಂದರೋ ಆ ಕೂಸೊಂದನ್ನು ಬಿಟ್ಟು ಊರೆಲ್ಲ ನನ್ನ ಮೇಲೆ ಬದುಕು ಮಾಡಿತು. ಮೈ ಪರಚಿಕೊಳ್ಳೋಣವೆಂದರೆ ನನಗೆ ಕೈಯೂ ಇಲ್ಲ!

ದಿನಾ ಸಂಜೆ ಏಳರೊಳಗೆ ಹೋಂವರ್ಕಿನ ಫೋಟೋವನ್ನು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಬೇಕಿತ್ತು. ಆ ಹೊತ್ತು ಬಂತೆಂದರೆ ಮನೆಯಲ್ಲಿ ಜಟಾಪಟಿ. ಶೈಲಜಾ ಹೆಡ್‌ಫೋನಿನ ಮೈಕನ್ನು ಮುಚ್ಚಿಕೊಂಡು ಗಂಡನಿಗೆ, "ಒಂದ್ ಸಾಲು ಬರಸ್ರಿ ಆಕೀಗೆ" ಎನ್ನುತ್ತಿದ್ದಳು.

"ಆಫೀಸಿನವರು ಫೋನ್ ಬಿಡವಲ್ರು. ನೀನ ಬರಸು."

"ನಾ ಏನ್ ಇಲ್ಲಿ ಖಾಲಿ ಕೂತೀನೇನ್ರಿ? ಕಾಣವಲ್ತೇನು?"

ಇಬ್ಬರ ಮಾತೂ ಸುಳ್ಳಲ್ಲ. ನನಗೆ ತಲೆ ಚಿಟ್ಟು ಹಿಡಿಯುತ್ತಿದ್ದದ್ದೇ ಅದಕ್ಕೆ. ಒಬ್ಬರಾದರೂ ಸೋಮಾರಿಯಾಗಿದ್ದರೆ ಬೈದುಕೊಂಡು ಹಗುರಾಗಬಹುದಿತ್ತು. ಈ ನಡುವೆ ಶೈಲಜಾಳನ್ನು ಟೀಂ ಲೀಡರ್ ಮಾಡುವ ಮಾತು ಬೇರೆ ನಡೆದಿತ್ತು. ಅವಳು ಕುರ್ಚಿ ಬಿಟ್ಟೆದ್ದ ನಿಮಿಷಗಳನ್ನೂ ಕಂಪನಿಯವರು ಎಣಿಸುತ್ತಿದ್ದರಂತೆ. ನಮ್ಮಲ್ಲಿ ಕುರ್ಚಿಯೇ ಇರಲಿಲ್ಲ, ಆ ಮಾತು ಬೇರೆ.

ಮೂರು ದಿನ ಗುಂಪಿನಲ್ಲಿ ಎಲ್ಲರಿಗೂ ಕಾಣುವಂತೆ 'ಸಿಂಚನಾ – ಬಂದಿಲ್ಲ' ಎಂದು ಬಂತು. ನಾಲ್ಕನೆಯ ದಿನ ಸಂಜೆ, ಚಹಾದ ಬಿಡುವಿನ ಹತ್ತು ನಿಮಿಷದಲ್ಲಿ, ಶೈಲಜಾ ಮಗಳ ನೋಟ್‌ಬುಕ್ಕನ್ನು ಎಳೆದುಕೊಂಡು ತಾನೇ ಬರೆದಳು. ಅಕ್ಷರ ದುಂಡಗೆ ಬಂದವು. "ಛೇ, ಗೊತ್ತಾಗ್ತೈತಿ" ಎಂದು ಹಾಳೆ ಹರಿದು, ಪೆನ್ಸಿಲನ್ನು ಎಡಗೈಗೆ ಬದಲಾಯಿಸಿದಳು. ಈಗ ಅಕ್ಷರಗಳು ಹೊಸದಾಗಿ ನಡೆಯುವ ಕೂಸಿನಂತೆ ತೂರಾಡಿದವು. ಎಷ್ಟೋ ವಾರಗಳ ಮೇಲೆ ಅವಳು ನಕ್ಕಿದ್ದು ಅಂದೇ.

ಮಹಾಂತೇಶನೂ ಬಗ್ಗಿ ನೋಡಿದ. "ಸಾಲಿಗೊಮ್ಮೆ ಅಳಸಿ ಬರಿ. ಸಣ್ಣ ಹುಡುಗರು ಅಳಸದ ಬರೀತಾವೇನ?"

ಅವಳು ರಬ್ಬರಿನಿಂದ ಅಳಿಸಿ, ಹೆಬ್ಬೆರಳಿನಿಂದ ತಿಕ್ಕಿ ಕಪ್ಪು ಮಾಡಿ, ಮತ್ತೆ ಬರೆದಳು. ಹಾಳೆಯ ಮೇಲ್ತುದಿಯಲ್ಲಿ ಮಗಳ ಹೆಸರನ್ನೂ ಹಾಗೆಯೇ ಬರೆದಳು. ಫೋಟೋ ಹೋಯಿತು. ಕಸ್ತೂರಿ ಟೀಚರ್ ಕಡೆಯಿಂದ ನಕ್ಷತ್ರ ಬಂತು. ಅಂದಿನಿಂದ ದಿನಾ ಅದೇ ದಾರಿ. ನಾಳೆಯಿಂದ ಸರಿಯಾಗಿ ಕೂಡಿಸುತ್ತೇನೆ ಎಂದು ಅವಳು ದಿನಾ ಅನ್ನುತ್ತಿದ್ದಳು, ಆ ನಾಳೆ ಬರಲೇ ಇಲ್ಲ. ಸಿಂಚನಾ ಪಕ್ಕದಲ್ಲಿ ಕೂತು, ನನ್ನ ಅಂಚಿಗೆ ಗದ್ದವೂರಿ, ಎಲ್ಲವನ್ನೂ ಕಣ್ಣರಳಿಸಿ ನೋಡುತ್ತಿದ್ದಳು. ಅಮ್ಮ ತನ್ನ ಹತ್ತಿರ ಸುಮ್ಮನೆ ಕೂರುತ್ತಿದ್ದದ್ದು ಆ ಹತ್ತೇ ನಿಮಿಷ.

ಆಮೇಲಾಮೇಲೆ, ಬೆಳಿಗ್ಗೆ ಮಹಾಂತೇಶ ಕೆಲಸಕ್ಕೆ ಕೂರುವ ಮುಂಚೆ, ಆ ಹುಡುಗಿ ರದ್ದಿ ಕಾಗದ ಹರಡಿಕೊಂಡು ನನ್ನ ಮುಂದೆ ಕೂರತೊಡಗಿದಳು. ಮೇಜಿಗೆ ಯಾರ ಮೊಣಕೈ ಎಲ್ಲಿ ಊರಿತೆಂಬುದು ಚೆನ್ನಾಗಿ ಗೊತ್ತಾಗುತ್ತದೆ. ಅವಳ ಭಾರ ಬೀಳುತ್ತಿದ್ದದ್ದು ಎಡಕ್ಕೆ. ಅಯ್ಯೋ ಶಿವನೇ, ಈ ಕೂಸು ಏನು ಕಲಿಯುತ್ತಿದೆ ನೋಡಿರೇ ಎಂದು ಕೂಗಿಕೊಳ್ಳಬೇಕೆನಿಸುತ್ತಿತ್ತು. ಪಕ್ಕದ ಖೋಲಿಯಲ್ಲಿ ಗಂಡ ಹೆಂಡತಿ ಇಬ್ಬರೂ ಗ್ಯಾಸ್ ಬುಕ್ ಮಾಡಿದ್ದು ಯಾರು, ಮಾಡದೆ ಬಿಟ್ಟಿದ್ದು ಯಾರು ಎಂದು ವಾದ ಮಾಡುತ್ತಿದ್ದರು. ನನ್ನ ಸಂಕಟ ಕೇಳುವವರು ಯಾರು?

ಜನವರಿಯ ಒಂದು ಸಂಜೆ ಟೀಚರ್ ಫೋನ್ ಮಾಡಿದರು. ಓದು ಬರಹ ಬಾರದ ಮಕ್ಕಳನ್ನು ಮತ್ತೆ ಒಂದನೆಯ ತರಗತಿಯಲ್ಲೇ ಕೂರಿಸುವುದೆಂದು ಶಾಲೆಯವರು ನಿಶ್ಚಯಿಸಿದ್ದಾರೆ, ಒಬ್ಬೊಬ್ಬರನ್ನೂ ವಿಡಿಯೋದಲ್ಲಿ ನೋಡುತ್ತೇವೆ, ನಾಳೆ ಹತ್ತೂವರೆಗೆ ಸಿಂಚನಾ ಕೂರಲಿ ಎಂದರು. "ನಿಮ್ಮಾಕಿದೇನು ಚಿಂತಿ ಇಲ್ಲ ಬಿಡ್ರಿ, ಭಾಳ ಚಂದ ಬರೀತಾಳ" ಎಂದೂ ಸೇರಿಸಿದರು. ಶೈಲಜಾಳ ಮುಖದಲ್ಲಿ ರಕ್ತವೇ ಉಳಿಯಲಿಲ್ಲ.

ಬೆಳಿಗ್ಗೆ ಮಹಾಂತೇಶ ತಾನಾಗಿ ಲ್ಯಾಪ್‌ಟಾಪನ್ನು ನನ್ನ ಮೇಲಿಂದ ತೆಗೆದ. ಏಳು ತಿಂಗಳಲ್ಲಿ ಅದೇ ಮೊದಲು. ನೀರಿನ ಚೊಂಬಿಗೆ ಮೊಬೈಲನ್ನು ಒರಗಿಸಿದರು. ಸಿಂಚನಾ ತಲೆ ಬಾಚಿಕೊಂಡು ನನ್ನ ಮುಂದೆ ಕೂತಳು.

"ನಿನ್ನ ಹೆಸರು ಬರದ ತೋರಸವಾ" ಎಂದರು ಟೀಚರ್.

ಹುಡುಗಿ ಪೆನ್ಸಿಲನ್ನು ಎಡಗೈಯಲ್ಲಿ ಹಿಡಿದಳು. ನಾಲಿಗೆ ಕಚ್ಚಿಕೊಂಡು ತನ್ನ ಹೆಸರು ಬರೆದಳು, ಒಂದು ಗೆರೆಯೂ ತಪ್ಪಲಿಲ್ಲ. ಶೈಲಜಾ ಬಿಗಿಹಿಡಿದಿದ್ದ ಉಸಿರು ಬಿಡುವಷ್ಟರಲ್ಲಿ ಹುಡುಗಿ ರಬ್ಬರ್ ತೆಗೆದುಕೊಂಡು ಅದನ್ನೆಲ್ಲ ಅಳಿಸಿ, ಹೆಬ್ಬೆರಳಿನಿಂದ ತಿಕ್ಕಿ ಕಪ್ಪು ಮಾಡತೊಡಗಿದಳು.

"ಅಯ್ಯ, ಸರಿ ಇತ್ತಲ್ಲ! ಯಾಕ ಅಳಿಸಿದಿ?"

"ಹಂಗ ಅಳಸಬೇಕ್ರಿ ಟೀಚರ್. ಮಮ್ಮಿ ದಿನಾ ಅಳಸ್ತಾಳ." ಮತ್ತೆ ಬರೆದು ಹಾಳೆ ಎತ್ತಿ ತೋರಿಸಿದಳು.

ಟೀಚರ್ ಪರದೆಯ ಹತ್ತಿರ ಬಂದು ಹಾಳೆ ನೋಡಿದರು. ಆಮೇಲೆ ಮೆಲ್ಲಗೆ, "ಏನ್ ಬರದೀ ಅದು? ಓದಿ ಹೇಳು" ಎಂದರು.

"ಹೋಂವರ್ಕ್ ರೀ" ಎಂದಳು ಸಿಂಚನಾ.

ಶೈಲಜಾ ಮೊಬೈಲನ್ನು ಕೈಗೆತ್ತಿಕೊಂಡಳು. "ಟೀಚರ್, ಅದೆಲ್ಲಾ ನಾನ ಬರದಿದ್ರಿ. ಆಕೀಗೆ ಏನೂ ಬರೂದಿಲ್ಲ" ಎಂದಳು. ಟೀಚರ್ ಬೈಯಲಿಲ್ಲ. "ಇನ್ನ ಮ್ಯಾಲೆ ಫೋಟೋ ಕಳಸಬ್ಯಾಡ್ರಿ. ಮಾರ್ಚ್ ಕೊನೀಗೆ ಮತ್ತೊಮ್ಮೆ ನೋಡತೀನಿ. ದಿನಾ ಒಂದ್ ತಾಸು ಆಕೀ ಜೋಡಿ ಕೂಡ್ರಿ" ಎಂದಷ್ಟೇ ಹೇಳಿದರು.

ಫೋನ್ ಇಟ್ಟದ್ದೇ ತಡ, ಶೈಲಜಾ ಮಗಳ ಮೇಲೆ ರೇಗಿದಳು. "ಬಲಗೈಲೆ ಬರಿಯಾಕ ಏನ್ ಧಾಡಿ ನಿನಗ?"

ಸಿಂಚನಾಗೆ ಅಳುವೇ ಬಂತು. ಬಲಗೈ ಎತ್ತಿ, "ಇದು ಉಣ್ಣೂ ಕೈ" ಎಂದಳು. ಎಡಗೈ ಎತ್ತಿ, "ಇದು ಹೋಂವರ್ಕ್ ಬರಿಯೂ ಕೈ. ನೀನ ಹಂಗ ಬರೀತಿದ್ದೆಲ್ಲ?"

"ಎಲ್ಲಾ ನಿನ್ನಿಂದ" ಎಂದ ಮಹಾಂತೇಶ. "ಅಳಸು ಅಂದವರು ಯಾರ್ರಿ?" ಎಂದಳು ಅವಳು. ಅವನು ಲ್ಯಾಪ್‌ಟಾಪ್ ಎತ್ತಿಕೊಂಡು ಪಕ್ಕದ ಖೋಲಿಗೆ ನಡೆದ. ಶೈಲಜಾ ನನ್ನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ನನಗೆ ಅವಳ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು.

ಅಂದೇ ಮಧ್ಯಾಹ್ನ ಅವಳು ಕಚೇರಿಗೆ ಫೋನ್ ಮಾಡಿದಳು. ಐದರಿಂದ ಆರರವರೆಗೆ ನಾನು ಸಿಗುವುದಿಲ್ಲ, ಬೇಕಾದರೆ ರಾತ್ರಿ ಒಂದು ತಾಸು ಹೆಚ್ಚು ಕೂರುತ್ತೇನೆ ಎಂದಳು. ಹಾಗಾದರೆ ಟೀಂ ಲೀಡರ್ ಮಾತನ್ನು ಮರೆತುಬಿಡಿ ಎಂದರು ಅವರು. "ಆಯ್ತು ಸರ್, ಬಿಡ್ರಿ" ಎಂದವಳು ಆ ಬಡ್ತಿಯನ್ನು ನಗುನಗುತ್ತಾ ಏನೂ ಬಿಡಲಿಲ್ಲ; ಆ ದಿನ ಪಾತ್ರೆಗಳು ಸಿಂಕಿನಲ್ಲಿ ಮಾಡಿದ ಸದ್ದು ಇಡೀ ಓಣಿಗೆ ಕೇಳಿತು. ಬೆಳಗಿನ ಅಡುಗೆ ಮಹಾಂತೇಶನ ಪಾಲಿಗೆ ಬಂತು. ಅವನು ಮಾಡಿದ ಸಾರನ್ನು ನನ್ನ ಮೇಲಿಟ್ಟಾಗಲೆಲ್ಲ ನಾನು ಅವರ ಬಗ್ಗೆ ಮರುಗಿದ್ದುಂಟು.

ಆ ಒಂದು ತಾಸಾದರೂ ಸುಖದ್ದಾಗಿತ್ತೇ? ಎಲ್ಲಿಂದ! ಯಾವ ಅಕ್ಷರ ತೋರಿಸಿದರೂ ಹುಡುಗಿ "ಹೋಂವರ್ಕ್" ಎನ್ನುತ್ತಿದ್ದಳು. ಅಮ್ಮ ಚೀರುತ್ತಿದ್ದಳು, ಮಗಳು ರಬ್ಬರ್ ಎಸೆಯುತ್ತಿದ್ದಳು, ನನ್ನ ಸನ್‌ಮೈಕಾದ ತುಂಬ ಪೆನ್ಸಿಲಿನ ಗೀರು. ಒಂದು ಅಕ್ಷರಕ್ಕೆ ಒಂದು ಸದ್ದಿದೆ ಎಂಬುದು ಹುಡುಗಿಯ ತಲೆಗೆ ಹೊಳೆಯಲು ಹನ್ನೊಂದು ದಿನ ಹಿಡಿಯಿತು. ಎಡಗೈ ಬಿಡಿಸುವ ಪ್ರಯತ್ನವೂ ನಡೆಯಿತು. "ಕೈ ಹಂಗ ಇರ್ಲಿ ಬಿಡ್ರಿ, ಮೊದಲ ಓದಲಿ" ಎಂದು ಟೀಚರೇ ನಿಲ್ಲಿಸಿದರು. ಮಾರ್ಚ್ ಕೊನೆಗೆ ಸಿಂಚನಾ ಮೊಬೈಲಿನ ಮುಂದೆ ನಾಲ್ಕು ಸಾಲು ಓದಿದಳು. ಎರಡು ಕಡೆ ಎಡವಿದಳು. ಎರಡನೆಯ ತರಗತಿಗೆ ದಾಟಿಸಿದರು.

ಶಾಲೆ ತೆರೆದ ಮೇಲೆ ಬಲ್ಬ್ ಹಾಕಲು ಮಹಾಂತೇಶ ನನ್ನ ಮೇಲೆ ಹತ್ತಿ ನಿಂತ. ಹತ್ತಬಾರದಿತ್ತು. ನನ್ನ ಒಂದು ಕಾಲು ಸೊಟ್ಟಗಾಯಿತು. ಗುಜರಿಗೆ ಹಾಕುವ ಮುಂಚೆ ಗಂಗವ್ವ ನನ್ನನ್ನು ಕೇಳಿ ತೆಗೆದುಕೊಂಡು, ಕಾಲ ಕೆಳಗೆ ಇಟ್ಟಿಗೆ ಕೊಟ್ಟು ಮಾಳಿಗೆಯ ಮೇಲೆ ಇಟ್ಟುಕೊಂಡರು. ಈಗ ನನ್ನ ಮೇಲೆ ಶ್ಯಾವಿಗೆ, ಹಪ್ಪಳ ಒಣಗುತ್ತವೆ. ಬಿಸಿಲಿಗೆ ಸನ್‌ಮೈಕಾ ಎದ್ದಿದೆ. ಓದುವ ಮನೆಗೆ ಹೋಗು ಎಂದ ಮೆಹಬೂಬಸಾಬನಿಗೆ ನನ್ನ ಬದುಕು ತೋರಿಸಿದರೆ ಏನೆನ್ನುವನೋ. ದಿನಕ್ಕೆ ಒಂದೇ ತಾಸು, ಎರಡೇ ತಿಂಗಳು, ಅದೂ ಅತ್ತು ಕರೆದು. ಆದರೂ ನಾನು ಮೇಜು ಎನ್ನಿಸಿಕೊಂಡದ್ದು ಆಗ ಮಾತ್ರ.

ಮೊನ್ನೆ ಶೈಲಜಾ ಹಪ್ಪಳ ಒಣಹಾಕುವುದರಲ್ಲಿ ಗಂಗವ್ವನಿಗೆ ನೆರವಾಗಲು ಮಾಳಿಗೆಗೆ ಬಂದಿದ್ದಳು. ಸಿಂಚನಾ ಈಗ ಐದನೆಯ ತರಗತಿ. ಮೂಲೆಯಲ್ಲಿ ಕೂತು ಏನೋ ಬರೆಯುತ್ತಿದ್ದಳು. ಗಂಗವ್ವನ ಮನೆಗೆ ಬಂದಿದ್ದ ನೆಂಟರಾಕೆ ಬಹಳ ಹೊತ್ತು ಅವಳನ್ನು ನೋಡಿ, "ಎಡಚಿ ಅದಾಳಲ್ಲ! ನಿಮ್ಮ ಮನ್ಯಾಗ ಯಾರರೆ ಎಡಚರು ಅದಾರೇನ್ರಿ?" ಎಂದು ಕೇಳಿದರು.

ಶೈಲಜಾ ಬಲಗೈಯಲ್ಲಿ ಹಪ್ಪಳ ಮಗುಚುತ್ತಲೇ, ತಲೆ ಎತ್ತದೆ, "ನಾನ ರೀ" ಎಂದಳು.