ಗಾಳಿಗೆ ಹೋದ ಔಷಧ

ನಮ್ಮತ್ತೆ ಸುಳ್ಳು ಹೇಳುತ್ತಾರೆಂದು ಯಾರಾದರೂ ಅಂದಿದ್ದರೆ ನಾನೇ ಅವರ ಮೇಲೆ ಜಗಳಕ್ಕೆ ಹೋಗುತ್ತಿದ್ದೆ. ಅತ್ತೆಯ ಮೇಲೆ ನನಗೆ ದೂರುಗಳಿಲ್ಲವೆಂದಲ್ಲ, ಒಂದು ಚೀಲ ತುಂಬುವಷ್ಟಿವೆ. ಪಾತ್ರೆಯ ಮುಚ್ಚಳ ಒಂಚೂರು ಓರೆಯಾಗಿದ್ದರೂ ಅವರಿಗೆ ನಿದ್ದೆ ಹತ್ತುವುದಿಲ್ಲ. ಬೇಡದವರ ಫೋನು ಬಂದಾಗ ನಾನು ಗಂಡನನ್ನು ಉಳಿಸಲು "ಅವ್ರು ಮನೇಲಿಲ್ಲ" ಎಂದರೆ, ಪಕ್ಕದಲ್ಲೇ ನಿಂತು "ಇದ್ದಾನೆ, ಇದ್ದಾನೆ, ಸ್ನಾನ ಮಾಡ್ತಿದ್ದಾನೆ" ಎಂದು ಕೂಗುವ ಹೆಂಗಸು ಅವರು. ಅಂಥವರ ಜೊತೆ ಸಂಸಾರ ಮಾಡುವುದು ಸುಲಭವಲ್ಲ. ಆದರೆ ನಂಬಿ ಕೂರಬಹುದು.

ಅದಕ್ಕೇ ಅವರು ಆಸ್ಪತ್ರೆಯ ಹೊಸ ಅಸ್ತಮಾ ಔಷಧದ ಸಂಶೋಧನೆಗೆ ಸೇರಿದಾಗ ಎಲ್ಲರಿಗಿಂತ ಹೆಚ್ಚು ನೆಮ್ಮದಿಯಾದದ್ದು ನನಗೆ. ಮರಗಳು ಹೂಬಿಡುವ ಕಾಲ ಬಂತೆಂದರೆ ನಮ್ಮ ಮನೆಯಲ್ಲಿ ಅಜ್ಜಿಗೂ ಮೊಮ್ಮಗಳಿಗೂ ಒಟ್ಟಿಗೇ ಸೀನು ಶುರುವಾಗುತ್ತದೆ. ಅಜ್ಜಿಯದು ಒಂದಿಷ್ಟು ಕೆಮ್ಮು, ಏದುಸಿರಿನಲ್ಲಿ ಮುಗಿದುಹೋಗುತ್ತದೆ. ಮಗಳದು ಹಾಗಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಗುಬ್ಬಿ ಎಂದೇ ಕರೆಯುವುದು. ಹೋದ ವರ್ಷ ಶಾಲೆಯ ಮೈದಾನದಲ್ಲಿ ಗುಬ್ಬಿಯ ತುಟಿ ನೀಲಿಗಟ್ಟಿದ್ದನ್ನು ಕಣ್ಣಾರೆ ನೋಡಿದ ಮೇಲೆ, ಮರದಲ್ಲಿ ಮೊಗ್ಗು ಕಂಡರೂ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿಬಿಡುತ್ತೇನೆ.

ಹೊಸ ಔಷಧವೆಂದರೆ ಒಂದು ಪುಟ್ಟ ಪಂಪು. ಬಾಯಿಗಿಟ್ಟು ಒತ್ತಿ, ಉಸಿರಿನ ಜೊತೆ ಒಳಗೆಳೆದುಕೊಳ್ಳಬೇಕು. ದಿನಾ ಬೆಳಿಗ್ಗೆ, ಸಂಜೆ. ಒಂದೊಂದು ಸಲ ಒತ್ತಿದಾಗಲೂ ಅದರ ಬೆನ್ನ ಮೇಲಿನ ಅಂಕಿ ಒಂದೊಂದು ಇಳಿಯುತ್ತದೆ. ರೋಗಿ ಔಷಧ ಸರಿಯಾಗಿ ತೆಗೆದುಕೊಂಡರೋ ಇಲ್ಲವೋ ಎಂದು ಸಿಸ್ಟರ್ ಆ ಅಂಕಿ ನೋಡಿಯೇ ತಿಳಿದುಕೊಳ್ಳುವುದು. ಮೊದಲು ದೊಡ್ಡವರಿಗೆ ಕೊಟ್ಟು, ಅವರಿಗೆ ಏನೂ ತೊಂದರೆಯಾಗದಿದ್ದರೆ ಮಕ್ಕಳಿಗೆ ಕೊಡುವುದು ಎಂದು ಡಾಕ್ಟರಮ್ಮ ವಿವರಿಸಿದ್ದರು.

"ಮೊದ್ಲು ನನ್ನ ಮೇಲೆ ನೋಡ್ಲಿ. ನಾನು ತಡ್ಕೊಂಡ್ರೆ ಗುಬ್ಬಿಗೂ ಆಗುತ್ತೆ" ಎಂದು ಅತ್ತೆ ಎದೆತಟ್ಟಿ ಸೇರಿದರು. ಅವರಿಗೆ ಒಂದು ತಲೆನೋವೂ ಬರಲಿಲ್ಲ. ಹೋದಾಗಲೆಲ್ಲ ಸಿಸ್ಟರ್ ಪಂಪನ್ನು ತಿರುಗಿಸಿ ನೋಡಿ, "ಅಂಕಿ ಕರೆಕ್ಟಾಗಿದೆ ಅಜ್ಜಿ. ನಿಮ್ಮಂಥೋರು ನಾಲ್ಕು ಜನ ಇದ್ರೆ ನಮ್ ಕೆಲ್ಸ ಎಷ್ಟು ಸಲೀಸು!" ಎಂದು ಹೊಗಳುತ್ತಿದ್ದರು. ಮಕ್ಕಳ ಸರದಿ ಬಂದು, ಒಪ್ಪಿಗೆಯ ಕಾಗದ ಮುಂದಿಟ್ಟಾಗ ನನ್ನ ಗಂಡ ಮೀನಮೇಷ ಎಣಿಸತೊಡಗಿದರು. "ನಿಮ್ಮಮ್ಮನಿಗಿಂತ ದೊಡ್ಡ ಸಾಕ್ಷಿ ಬೇಕೇನ್ರಿ?" ಎಂದು ಅವರ ಬಾಯಿ ಮುಚ್ಚಿಸಿ ನಾನೇ ಸಹಿ ಹಾಕಿದೆ.

ಗುಬ್ಬಿಗೆ ಮೊದಲ ಸಲ ಔಷಧ ಕೊಡುವ ದಿನವೇ ಅತ್ತೆಯನ್ನೂ ತಪಾಸಣೆಗೆ ಕರೆದಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಗಂಡ, ಮಗಳು ಇಳಿದು ಎರಡನೇ ಮಹಡಿಗೆ ಹೋದರು. ನಾನು ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸಿದೆ.

"ನೀನು ಹೋಗಿ ಚೀಟಿ ಮಾಡ್ಸು, ನಾನು ಒಂಚೂರು ಸುಧಾರಿಸ್ಕೊಂಡು ಬರ್ತೀನಿ" ಎಂದರು ಅತ್ತೆ. ಲಿಫ್ಟಿನ ಹತ್ತಿರ ಹೋದ ಮೇಲೆ ಫೋನು ಕಾರಲ್ಲೇ ಬಿಟ್ಟದ್ದು ನೆನಪಾಗಿ ವಾಪಸು ಬಂದೆ.

ಕಾರಿನ ಕಿಟಕಿ ಇಳಿದಿತ್ತು. ಅತ್ತೆಯ ಕೈ ಹೊರಗಿತ್ತು. ಕೈಯಲ್ಲಿ ಪಂಪು. ಪುಸ್. ಪುಸ್. ಪುಸ್. ಹೆಬ್ಬೆರಳು ನೋಯಿತೇನೋ, ಕೈ ಬದಲಿಸಿ ಮತ್ತೆ ಪುಸ್. ಔಷಧವೆಲ್ಲ ಬಿಳಿ ಹೊಗೆಯಾಗಿ ಪಕ್ಕದ ಕಾರಿನ ಕಡೆಗೆ ಹೋಗುತ್ತಿತ್ತು. ಅತ್ತೆ ಆಗಾಗ ಪಂಪನ್ನು ಕಣ್ಣ ಹತ್ತಿರ ಹಿಡಿದು ಅಂಕಿ ನೋಡುತ್ತಿದ್ದರು.

"ಅತ್ತೇ! ಏನ್ ಮಾಡ್ತಿದ್ದೀರಿ?"

ಅವರು ಬೆಚ್ಚಿಬಿದ್ದರು. "ಮೆಲ್ಲಗೆ ಮಾತಾಡೇ, ಜನ ನೋಡ್ತಾರೆ."

"ನೋಡ್ಲಿ! ಔಷಧಿನ ಯಾಕೆ ಗಾಳಿಗೆ ಬಿಡ್ತಿದ್ದೀರಿ?"

"ಅಂಕಿ ಜಾಸ್ತಿ ಉಳಿದಿತ್ತು. ಸರಿ ಮಾಡ್ತಿದ್ದೆ."

"ಉಳಿದಿತ್ತು ಅಂದ್ರೆ? ನೀವು ತಗೊಂಡಿಲ್ವಾ?"

"ಶುರುನಲ್ಲಿ ಒಂದೆರಡು ದಿನ ತಗೊಂಡೆ ಕಣೇ. ಆಮೇಲೆ ಉಸಿರು ಚೆನ್ನಾಗೇ ಇತ್ತು. ಚೆನ್ನಾಗಿರೋವಾಗ ಯಾಕೆ ಅಂತ ಬಿಟ್ಟೆ." ಅವರು ನನ್ನ ಮುಖ ನೋಡಲಿಲ್ಲ. "ಆ ಸಿಸ್ಟರ್ ಹುಡುಗಿ ಅಂಕಿ ನೋಡಿ ಅಷ್ಟು ಖುಷಿಪಡ್ತಾಳೆ. ಅವಳ ಮುಖ ಸಣ್ಣ ಮಾಡೋಕೆ ನಂಗೆ ಮನಸ್ಸು ಬರ್ಲಿಲ್ಲ."

"ನಿಮ್ಮನ್ನ ನೋಡಿ ನಾನು ಸಹಿ ಹಾಕಿದ್ದು ಅತ್ತೆ! ಮೇಲೆ ಗುಬ್ಬಿಗೆ ಕೊಡ್ತಿದ್ದಾರೆ!"

"ಅಷ್ಟೊಂದು ಜನ ತಗೊಂಡಿದ್ದಾರಲ್ಲೇ. ನಾನೊಬ್ಳು ಬಿಟ್ರೆ ಏನಾಗುತ್ತೆ?"

ಆಗಲೇ ಇನ್ನೊಂದು ಪುಸ್ ಕೇಳಿಸಿತು. ಅದು ಅತ್ತೆಯದಲ್ಲ. ತಿರುಗಿ ನೋಡಿದೆ. ಆಚೆ ಸಾಲಿನ ಕಾರಿನಿಂದ ಗಡಿಯಾರ ಕಟ್ಟಿದ ದಪ್ಪ ಕೈಯೊಂದು ಹೊರಗೆ ಬಂದಿತ್ತು. ಕಂಬದ ಮರೆಯಲ್ಲಿ ಒಬ್ಬ ಹೆಂಗಸು ಕೈಚೀಲದೊಳಗೆ ಪಂಪು ಹಿಡಿದು ಒತ್ತುತ್ತ, ಮುಖವನ್ನು ಮಾತ್ರ ಬಸ್ಸಿಗೆ ಕಾಯುವವಳ ಹಾಗೆ ಇಟ್ಟುಕೊಂಡಿದ್ದಳು. ಸ್ಕೂಟರಿನ ಮೇಲೆ ಕೂತ ಮುದುಕರೊಬ್ಬರು ನನ್ನ ಕಣ್ಣಿಗೆ ಬಿದ್ದು, ನಾವೆಲ್ಲ ಒಂದೇ ಮನೆಯವರು ಎಂಬಂತೆ ನಕ್ಕರು.

ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ ಓಡಿದೆ. ಅತ್ತೆ ಹಿಂದಿನಿಂದ ಕೂಗುತ್ತಲೇ ಇದ್ದರು. ಎಂಥ ಹೆಡ್ಡಿ ನಾನು, ಒಬ್ಬರನ್ನು ನಂಬಿ ಮಗುವನ್ನು ಒಪ್ಪಿಸಿಬಿಟ್ಟೆನಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತ ಮಕ್ಕಳ ಕೋಣೆಯ ಬಾಗಿಲು ತಳ್ಳಿದೆ.

ಗುಬ್ಬಿ ಎತ್ತರದ ಕುರ್ಚಿಯ ಮೇಲೆ ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದಳು. ಪಂಪು ಅವಳ ಕೈಯಲ್ಲಿತ್ತು. ಡಾಕ್ಟರಮ್ಮ ಗಡಿಯಾರ ನೋಡುತ್ತಿದ್ದರು.

"ಬೇಡ!" ಎಂದು ಕಿರುಚಿದೆ.

ಗುಬ್ಬಿ ಉಸಿರು ಬಿಟ್ಟು ಕಣ್ಣರಳಿಸಿದಳು. "ಆಯ್ತಮ್ಮಾ! ಒಂಥರಾ ಕಹಿ. ಅಜ್ಜಿ ಹೇಳ್ಕೊಟ್ಟ ಹಾಗೇ ಎಳ್ಕೊಂಡೆ."

ನಾನು ಅವಳ ಕೈಯಿಂದ ಪಂಪು ಕಿತ್ತುಕೊಂಡೆ. ನಡೆದದ್ದನ್ನು ಹೇಳಿದ್ದು ಅತ್ತೆ. ಮೆಟ್ಟಿಲು ಹತ್ತಿ ಬಂದು, ಬಾಗಿಲ ಚೌಕಟ್ಟು ಹಿಡಿದು, ಏದುಸಿರಿನ ನಡುವೆಯೇ ಎಲ್ಲವನ್ನೂ ಒಪ್ಪಿಸಿಬಿಟ್ಟರು. ತಮ್ಮದನ್ನೂ, ಕಂಬದ ಮರೆಯವಳದನ್ನೂ, ಸ್ಕೂಟರಿನವರದನ್ನೂ. ನನ್ನ ಗಂಡ ತಾಯಿಯ ಮುಖವನ್ನು ಯಾರೋ ಅಪರಿಚಿತರನ್ನು ನೋಡುವಂತೆ ನೋಡಿದರು.

ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತು. "ಗಾಬರಿ ಬೇಡ, ಮಗುನ ಹೇಗೂ ಇಲ್ಲೇ ಕೂರಿಸ್ಕೊಂಡು ನೋಡ್ತೀವಿ" ಎಂದವರೇ ಎದುರಿನ ಹಾಲಿಗೆ ನಡೆದರು. ದೊಡ್ಡವರು ತಪಾಸಣೆಗೆ ಕಾಯುವುದು ಅಲ್ಲೇ. ತೆರೆದ ಬಾಗಿಲಿನಿಂದ ನಮಗೆಲ್ಲ ಕಾಣುತ್ತಿತ್ತು. ಕೆಳಗೆ ಕಂಡವರೆಲ್ಲ ಅಷ್ಟರಲ್ಲಿ ಬಂದು ಕೂತಿದ್ದರು. ಎಲ್ಲರ ತೊಡೆಯ ಮೇಲೂ ಪಂಪು. ಸಿಸ್ಟರ್ ಒಂದೊಂದನ್ನೇ ಎತ್ತಿ ನೋಡಿ ಮೆಚ್ಚಿಗೆಯಿಂದ ತಲೆಯಾಡಿಸುತ್ತಿದ್ದರು.

"ನಾನು ಯಾರಿಗೂ ಬಯ್ಯಲ್ಲ" ಎಂದರು ಡಾಕ್ಟರಮ್ಮ. "ದಿನಾ ತಪ್ಪದೆ ಔಷಧಿ ತಗೊಂಡೋರು ಕೈ ಎತ್ತಿ."

ಎಲ್ಲರೂ ನೆಲ ನೋಡಿದರು. ಸಿಸ್ಟರ್ ಕೈಯಲ್ಲಿದ್ದ ಪಂಪನ್ನು ಹಾಗೇ ಹಿಡಿದು ನಿಂತರು.

ಕಡೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ತೆಳ್ಳಗಿನ, ನಡುವಯಸ್ಸಿನ ಮನುಷ್ಯ.

"ನಾನು ತಗೊಂಡಿದ್ದೀನಿ ಡಾಕ್ಟ್ರೇ. ಒಂದು ಸಲಾನೂ ಬಿಟ್ಟಿಲ್ಲ."

ಡಾಕ್ಟರಮ್ಮನ ಮುಖದಲ್ಲಿ ಜೀವ ಬಂತು. ನನಗೂ ಹೋದ ಉಸಿರು ಬಂದಂತಾಯಿತು. ಒಬ್ಬರಾದರೂ ಇದ್ದಾರಲ್ಲ!

"ಅದಕ್ಕೇ ಬಂದಾಗಲೆಲ್ಲ ಹೇಳ್ತಿದ್ದೆ" ಎಂದರು ಆತ. "ತಗೊಂಡು ಸ್ವಲ್ಪ ಹೊತ್ತಿಗೆ ಎದೆ ಡವಡವ ಹೊಡ್ಕೊಳುತ್ತೆ, ಕಣ್ಣು ಕತ್ತಲೆ ಬರುತ್ತೆ, ಎರಡು ಸಲ ಬಿದ್ದೂ ಬಿಟ್ಟೆ ಅಂತ. ಬೇರೆ ಯಾರಿಗೂ ಹಾಗಾಗಿಲ್ಲ, ನಿಮ್ದು ಬರೀ ಭಯ ಅಂದ್ರು ಸಿಸ್ಟರ್. ಇಷ್ಟು ಜನಕ್ಕೆ ಏನೂ ಆಗಿಲ್ವಲ್ಲ ಅಂತ ನಾನೂ ಸುಮ್ನಾದೆ."

ಡಾಕ್ಟರಮ್ಮ ನಮ್ಮ ಕೋಣೆಯ ಕಡೆ ಓಡಿದರು. ಅಷ್ಟು ಹೊತ್ತಿಗೆ ನಾನು ಗುಬ್ಬಿಯ ಎದೆಯ ಮೇಲೆ ಅಂಗೈ ಇಟ್ಟಾಗಿತ್ತು. "ಏನಾಯ್ತಮ್ಮಾ?" ಎಂದು ಅವಳು ಕೇಳುತ್ತಿದ್ದಳು. ಅಂಗೈಗೆ ಏನೋ ಜೋರಾಗಿ ಬಡಿಯುತ್ತಿತ್ತು. ಅದು ಅವಳ ಎದೆಯೋ, ಮೆಟ್ಟಿಲು ಹತ್ತಿ ಬಂದ ನನ್ನದೇ ನಾಡಿಯೋ ತಿಳಿಯಲಿಲ್ಲ. ಸ್ಟೆತಾಸ್ಕೋಪು ಇಡಲು ಜಾಗ ಬಿಡಿ ಎಂದು ಡಾಕ್ಟರಮ್ಮ ಬೇಡಿಕೊಳ್ಳುತ್ತಿದ್ದರೂ ಕೈ ತೆಗೆಯಲು ನನಗೆ ಆಗಲೇ ಇಲ್ಲ.